ಹನ್ನೆರಡು ಪಕ್ಕೆಲುಬು

ದಿನಕ್ಕೊಂದು ಸಲ ಹೊದಿಕೆ ತೆಗೆದು ನೋಡುತ್ತೇನೆ ಎಂದು ಅವಳು ಮಾತು ಕೊಟ್ಟು ಹನ್ನೊಂದು ವರ್ಷವಾಗಿತ್ತು. ಕೇಳಿದವನು ಒಬ್ಬ ಮುದುಕ. ತನ್ನದೇ ಲಾಯದ ಬಾಗಿಲಲ್ಲಿ ಯಾರದೋ ಮನೆಗೆ ಬಂದವನ ಹಾಗೆ ನಿಂತಿದ್ದ. ಜಪ್ತಿಯಾದ ಅವನ ಮೂರು ಅರಬ್ಬಿ ಕುದುರೆಗಳಲ್ಲಿ ಎರಡನ್ನು ಆಗಲೇ ಗಾಡಿಗೆ ಹತ್ತಿಸಿಯಾಗಿತ್ತು. ಮೂರನೆಯದರ ಹಗ್ಗ ಇವಳ ಕೈಯಲ್ಲಿತ್ತು. "ದಿನಾ ಒಂದ್ಸಲ ಹೊದಿಕೆ ತೆಗೆದು ನೋಡಮ್ಮ," ಎಂದ. "ನಾನು ನೋಡ್ಲಿಲ್ಲ." ಅವಳು ನೋಡ್ತೀನಿ ಎಂದಳು, ಬಾಗಿಲಿಗೆ ಬಂದ ಮಾರಾಟದವನನ್ನು ಸಾಗಹಾಕುವ ದನಿಯಲ್ಲಿ. ತಿರಸ್ಕಾರದಿಂದ ಕೊಟ್ಟ ಮಾತಾದ್ದರಿಂದ ಅದಕ್ಕೂ ಒಂದು ತೂಕ ಇದ್ದೀತು ಎಂದು ಅವಳಿಗೆ ಆಗ ಹೊಳೆಯಲೇ ಇಲ್ಲ. ಆದರೂ ವರ್ಷಗಟ್ಟಲೆ ನಡೆಸಿದಳು. ನಡೆಸುತ್ತಿದ್ದೇನೆ ಎಂಬುದು ನೆನಪಿಲ್ಲದಷ್ಟು ರೂಢಿಯಾಗಿ ನಡೆಸಿದಳು. ಯಾವಾಗ ನಿಂತಿತೆಂಬುದೂ ಹಾಗಾಗಿಯೇ ನೆನಪಿರಲಿಲ್ಲ.

ಇವತ್ತು ಬೆಳಿಗ್ಗೆ ಆರೂವರೆಗೆ ಬೂದಿಯ ಹೊದಿಕೆಯನ್ನು ಹೊಟ್ಟೆಯ ಕೆಳಗೆ ಬಿಗಿಯುವ ಪಟ್ಟಿ ಮತ್ತೆ ಜೋತುಬಿದ್ದಿತ್ತು. ಬೂದಿ ಎಂದರೆ ಅದೇ ಮೂರನೆಯ ಕುದುರೆ. ಬಂದಾಗ ಒಲೆಯಿಂದ ಆಗತಾನೇ ಬಾಚಿದ ಬೂದಿಯ ಬಣ್ಣ, ಈಗ ವಯಸ್ಸಿಗೆ ಪೂರ್ತಿ ಬಿಳಿ, ಹೆಸರು ಮಾತ್ರ ಉಳಿದುಕೊಂಡಿತ್ತು. ಪಟ್ಟಿ ಹಳೆಯದು, ಹಿಗ್ಗುತ್ತಿದೆ ಎಂದು ಈ ಚಳಿಗಾಲದಲ್ಲಿ ಅವಳು ಎರಡು ಸಲ ಬಕಲನ್ನು ಒಂದೊಂದು ತೂತು ಒಳಕ್ಕೆ ಸರಿಸಿದ್ದಳು. ಹೊಸದು ತಂದುಕೊಡಿ ಎಂದು ಗಂಡನಿಗೂ ಹೇಳಿಟ್ಟಿದ್ದಳು. ಇವತ್ತು ಮೂರನೆಯ ತೂತಿಗೆ ಹಾಕಲು ಹೋದಾಗ ಬೆರಳು ಜಾರಿ ಅಂಗೈ ಹೊದಿಕೆಯ ಒಳಗೆ ಹೋಯಿತು. ಒಳಗೆ ಬೆಚ್ಚಗಿತ್ತು. ಚಳಿಗಾಲದ ಉದ್ದ ಕೂದಲಿನ ಕೆಳಗೆ ಮೊದಲು ಒಂದು ಏಣು, ಆಮೇಲೆ ತಗ್ಗು, ಆಮೇಲೆ ಏಣು. ಕೈ ತಾನಾಗಿ ಎಣಿಸತೊಡಗಿತು. ಯಾರ ಕುದುರೆ ಸಿಕ್ಕರೂ ಎಣಿಸುವ ಕೈ ಅದು. ಏಳರವರೆಗೆ ಹೋಗಿ ಬಿಸಿ ತಾಗಿದಂತೆ ಹಿಂದಕ್ಕೆ ಬಂತು. ಅವಳು ಪಟ್ಟಿಯನ್ನು ಮೂರನೆಯ ತೂತಿಗೇ ಹಾಕಿ, ಬಕಲು ಬಿಗಿದು, ಹೊದಿಕೆಯ ಅಂಚನ್ನು ಎಳೆದು ಸರಿಮಾಡಿದಳು. ಯಾಕೆ ಸರಿಮಾಡಿದೆ ಎಂದು ಆಮೇಲೆ ದಿನವಿಡೀ ತನ್ನನ್ನೇ ಕೇಳಿಕೊಂಡಳು. ಕೈಗೆ ಸಿಕ್ಕಿದ್ದನ್ನು ಕಣ್ಣಿಗೂ ತೋರಿಸಲು ಮೂರು ಬಕಲು ಬಿಚ್ಚಿದ್ದರೆ ಸಾಕಿತ್ತು.

ನೆಲದ ಮೇಲೆ ಬೂದಿಯ ಮುಂಗಾಲಿನ ಹತ್ತಿರ ಅಗಿದು ಉಗಿದ ಹುಲ್ಲಿನ ಉಂಡೆಗಳು ಬಿದ್ದಿದ್ದವು. ನೆಲ್ಲಿಕಾಯಿಯಷ್ಟು ದಪ್ಪ, ಒದ್ದೆ ಒದ್ದೆ, ಒಳಗೆ ಇನ್ನೂ ಹಸಿರು. ಹೊಸದೇನಲ್ಲ, ವಾರಗಟ್ಟಲೆಯಿಂದ ಪೊರಕೆಯಲ್ಲಿ ಗುಡಿಸಿ ಗೊಬ್ಬರದ ಗುಡ್ಡೆಗೆ ಹಾಕುತ್ತಿದ್ದಳು. ಹಲ್ಲು ಸವೆದು ಕೊಕ್ಕೆಯಾದ ಕುದುರೆ ಹುಲ್ಲನ್ನು ನುಂಗಲಾರದೆ ಹೀಗೆ ಉಂಡೆ ಕಟ್ಟಿ ಉದುರಿಸುತ್ತದೆಂದು ಬೇರೆಯವರ ಲಾಯಗಳಲ್ಲಿ ನಿಂತು ಎಷ್ಟು ಜನಕ್ಕೆ ಹೇಳಿರಲಿಲ್ಲ ಅವಳು. ಅದೂ ಹೋಗಲಿ, ಹೊಟ್ಟೆಪಾಡಿಗೆ ಅವಳು ಮಾಡುವುದೇ ಹಲ್ಲಿನ ಕೆಲಸ. ಹದಿನೆಂಟು ವರ್ಷದಿಂದ ಹಲ್ಲಿನ ಸೆಟ್ಟು ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೂತು, ಬೋಳು ಬಾಯಿಗಳ ಅಚ್ಚಿನ ಮೇಲೆ ಮೇಣ ಹಚ್ಚಿ, ಒಂದೊಂದೇ ಹಲ್ಲು ಕೂರಿಸುವವಳು. ಎರಡು ವಾರದ ಹಿಂದೆ ಮಗಳು, ಅಮ್ಮಾ ಬೂದಿ ಹುಲ್ಲು ಉಗೀತಾಳೆ ಕಣೇ, ಎಂದಿದ್ದಳು. ಅವಳು ಹೊಸ ಕುದುರೆಯೊಂದರ ಗೊರಸಿನ ಹುಣ್ಣಿಗೆ ಔಷಧಿ ಸುರಿಯುತ್ತ ತಲೆ ಎತ್ತದೆ, ಅದಕ್ಕೆ ಕೊಬ್ಬು, ಎಂದಿದ್ದಳು.

ಕೊಬ್ಬು. ಆ ಶಬ್ದ ಈಗ ಬಾಯಲ್ಲಿ ಕಲ್ಲಿನ ಹಾಗೆ ಉರುಳಾಡಿತು.

ತಪ್ಪಾದದ್ದೆಲ್ಲಿ ಎಂದರೆ ಗೋಡೆಯ ಮೇಲಿನ ಹಾಳೆಯಲ್ಲಿ. ಮೇವಿನ ಕೋಣೆಯ ಗೋಡೆಗೆ ಅಂಟಿಸಿದ ಆ ಹಾಳೆಯಲ್ಲಿ ನಾಲ್ಕು ಕಂಬಸಾಲು. ಕಳೆದ ವರ್ಷ ತಂದ ನಾಲ್ಕು ಅರಬ್ಬಿಗಳದ್ದು. ಯಾರೋ ಜಂಬಕ್ಕೆ ಕೊಂಡು, ಜಂಬ ಇಳಿದ ಮೇಲೆ ಬೇಲಿಯೊಳಗೆ ಬಿಟ್ಟು ಮರೆತವು. ಪ್ರತಿ ಭಾನುವಾರ ಒಂದೊಂದರ ಎದೆಸುತ್ತಿನ ಅಳತೆ, ದಿನಕ್ಕೆ ಆರು ಸಲ ಕೊಡುವ ಹಿಡಿ ಹಿಡಿ ಮೇವಿನ ತೂಕ, ಲದ್ದಿ ಹೇಗಿತ್ತೆಂಬ ಟಿಪ್ಪಣಿ. ಹಸಿದ ಕುದುರೆಗೆ ಒಂದೇ ಸಲ ಹೊಟ್ಟೆ ತುಂಬಿಸಿದರೆ ಸತ್ತೇ ಹೋಗುತ್ತದೆ. ಕರುಣೆಯನ್ನು ಕೂಡ ತಕ್ಕಡಿಯಲ್ಲಿಟ್ಟು ಕೊಡಬೇಕು. ಐದು, ಆರು ತಿಂಗಳು ಹೀಗೆ ನಡೆದು, ಕುದುರೆ ಮೈ ತುಂಬಿಕೊಂಡ ದಿನ ಅದರ ಸಾಲಿನ ಮೇಲೆ ಕೆಂಪು ಗೆರೆ ಎಳೆದು ಹಾಳೆಯಿಂದ ಬಿಡುಗಡೆ ಮಾಡುವುದು ಅವಳದೇ ಪದ್ಧತಿ. ಮನೆಯಲ್ಲಿ ಸಂತೋಷದ ದಿನ ಅದು. ಬೂದಿಯ ಸಾಲಿನ ಮೇಲೆ ಗೆರೆ ಎಳೆದು ಹತ್ತು ವರ್ಷ ದಾಟಿತ್ತು. ವಾಸಿಯಾದದ್ದನ್ನು ಯಾರು ಅಳೆಯುತ್ತಾರೆ? ವಾಸಿಯಾದದ್ದರ ಬೆನ್ನು ತಟ್ಟಿ ಮುಂದೆ ಹೋಗುತ್ತಾರೆ. ಅವಳು ದಿನಾ ಬೆಳಿಗ್ಗೆ ಹೊದಿಕೆಯ ಮೇಲೇ ಬೆನ್ನು ತಟ್ಟಿ ಮುಂದೆ ಹೋಗಿದ್ದಳು. ಹೊದಿಕೆ ದಪ್ಪಗಿತ್ತು, ತುಂಬಿಕೊಂಡ ಮೈಯ ಹಾಗೆಯೇ ಕೈಗೆ ಸಿಗುತ್ತಿತ್ತು.

ಮತ್ತು ಸೊರಗಿದ ಕುದುರೆಗಳನ್ನು ತಂದು ಸಾಕುವ ಅವಳ ಲಾಯಕ್ಕೆ ಸರಕಾರದ ತಪಾಸಣೆ ಇವತ್ತೇ, ಸಂಜೆ ನಾಲ್ಕಕ್ಕೆ. ಒಂದು ತಾಯಿ ಕುದುರೆ, ಅದರ ಎಂಟು ತಿಂಗಳ ಹೆಣ್ಣು ಮರಿ, ಎರಡೂ ಅರಬ್ಬಿ, ಎಲ್ಲೋ ಮುಚ್ಚಿಹೋದ ಸವಾರಿ ಶಾಲೆಯಿಂದ ಹಿಡಿದು ತಂದವು, ಸರಕಾರದ ದೊಡ್ಡಿಯಲ್ಲಿ ಹದಿನೆಂಟು ದಿನದಿಂದ ನಿಂತಿದ್ದವು. ಇಪ್ಪತ್ತನೆಯ ದಿನದೊಳಗೆ ಯಾರೂ ಒಪ್ಪಿಕೊಳ್ಳದಿದ್ದರೆ ಹರಾಜು. ಅಂಥ ಹರಾಜಿಗೆ ಬರುವವರು ಕುದುರೆಯ ಕಣ್ಣು, ಕಾಲು, ವಂಶ ನೋಡುವವರಲ್ಲ, ಮಾಂಸದ ತೂಕ ನೋಡುವವರು. ಅವಳು ಒಪ್ಪಿಕೊಂಡಿದ್ದಳು. ಎರಡು ಖಾನೆ ತೊಳೆದು, ಹೊಸ ಹುಲ್ಲು ಹಾಸಿ ಇಟ್ಟಿದ್ದಳು. ಉಳಿದದ್ದು ತಪಾಸಣೆಯ ಒಂದು ಸಹಿ. ಆದರೆ ಅದಕ್ಕೊಂದು ಷರತ್ತು ಇತ್ತು: ಈಗಾಗಲೇ ಇರುವ ಕುದುರೆಗಳಲ್ಲಿ ಒಂದಾದರೂ ಸೊರಗಿದ್ದು ಕಂಡರೆ, ಆರು ತಿಂಗಳು ಹೊಸ ಪ್ರಾಣಿ ಇಲ್ಲ.

ಅಡಿಗೆಮನೆಯಲ್ಲಿ ಗಂಡ ಒಂದು ಸಾಕ್ಸಿನ ಜೋಡಿ ಹುಡುಕುತ್ತಿದ್ದ. ಲಿಫ್ಟ್ ರಿಪೇರಿಯವನು, ದಿನವಿಡೀ ಬೇರೆಯವರನ್ನು ಮೇಲೆ ಕೆಳಗೆ ಕಳಿಸುವ ಕೆಲಸ, ಮನೆಗೆ ಬಂದರೆ ಕೂತಲ್ಲಿಂದ ಏಳುವುದಿಲ್ಲ ಎಂದು ಮಗಳು ಛೇಡಿಸುತ್ತಿದ್ದಳು. ಅವನು ಹೆಂಡತಿಯ ಮುಖ ನೋಡಿ, ಬರೋದು ತಪಾಸಣೆಯವನು ಕಣೇ, ವರನ ಕಡೆಯವರಲ್ಲ, ಎಂದ. ಮಗಳು ಬ್ರೆಡ್ಡು ಕಚ್ಚಿಕೊಂಡೇ ನಕ್ಕಳು. ಹೇಳಿಬಿಡಬೇಕು ಎಂದು ಅವಳ ಗಂಟಲವರೆಗೆ ಬಂತು. ಹೇಳಿದರೆ ಗಂಡ ಬೈಯುವುದಿಲ್ಲ, ಅದೇ ತೊಂದರೆ. ಪಾಪ ನೀನಾದ್ರೂ ಎಷ್ಟು ಅಂತ ನೋಡ್ತೀಯ, ಎನ್ನುತ್ತಾನೆ. ಆ ಪಾಪ ಎಂಬ ಮಾತನ್ನು ಮುದುಕನಿಗೆ ಅವತ್ತು ಯಾರೂ ಅಂದಿರಲಿಲ್ಲ. ಮಗಳ ಕಡೆ ನೋಡಲು ಧೈರ್ಯ ಸಾಲಲಿಲ್ಲ. ಪಟ್ಟಿ ತರೋದು ಮರೀಬೇಡಿ ಎಂದು ಗಂಡನಿಗೆ ಹೇಳಿದಳು. ಹೇಳಿದ ಮೇಲೆ ತನ್ನ ದನಿ ತನಗೇ ಕೇಳಿಸಿತು. ಇನ್ನೂ ಪಟ್ಟಿಯ ಮೇಲೇ ಹೊರಿಸುತ್ತಿದ್ದೇನೆ.

ಕಾರ್ಖಾನೆಯಲ್ಲಿ ಪ್ಲಾಸ್ಟರಿನ ಪುಡಿ, ಕಾಯಿಸಿದ ಮೇಣದ ವಾಸನೆ, ಉಜ್ಜುವ ಯಂತ್ರದ ಕಿರ್ರೆಂಬ ಸದ್ದು. ಅವಳ ಮೇಜಿನ ಮೇಲೆ ಒಂಬತ್ತು ದಿನದಿಂದ ಒಂದು ಜೊತೆ ಅಚ್ಚು ಕೂತಿತ್ತು. ಯಾರೋ ವಯಸ್ಸಾದವರ ಬಾಯಿ. ಮೇಲೂ ಕೆಳಗೂ ಒಂದು ಹಲ್ಲಿಲ್ಲ, ಕೆಳಗಿನ ಒಸಡು ಎಡಗಡೆ ದಾರದಷ್ಟು ತೆಳ್ಳಗಾಗಿತ್ತು. ಅಂಥ ಒಸಡಿನ ಮೇಲೆ ಸೆಟ್ಟು ನಿಲ್ಲಿಸುವುದು ಕಷ್ಟ, ಆದ್ದರಿಂದ ನಾಳೆ ನಾಳೆ ಎಂದು ಮುಂದೂಡಿದ್ದಳು. ಚೀಟಿಯಲ್ಲಿ ಹೆಸರಿರುವುದಿಲ್ಲ, ನಂಬರು ಮಾತ್ರ. ಇವತ್ತು ಮೊದಲ ಸಲ ಅವಳಿಗೆ ಅನಿಸಿತು: ಒಂಬತ್ತು ದಿನದಿಂದ ಈ ಬಾಯಿ ಎಲ್ಲೋ ಗಂಜಿ ಕುಡಿಯುತ್ತಿದೆ. ಆಮೇಲೆ ಅನಿಸಿತು: ಇದು ಅವನದ್ದೇ ಇರಬಹುದು. ಮುದುಕ ಬದುಕಿದ್ದರೆ ಈಗ ಎಂಬತ್ತು ದಾಟಿರಬೇಕು. ಅವನದ್ದಲ್ಲದೆಯೂ ಇರಬಹುದು. ಅವನ ಬಾಯಿ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ನೋಡಿದಳು, ಬರಲಿಲ್ಲ. ಅವತ್ತು ಅವನ ಮುಖವನ್ನು ಅವಳು ನೋಡಿಯೇ ಇರಲಿಲ್ಲ. ಅವನ ಕುದುರೆಗಳನ್ನು ಮಾತ್ರ ನೋಡಿದ್ದಳು.

ಅವತ್ತು ಲಾಯದಲ್ಲಿ ಮೂರೂ ಕುದುರೆಗಳ ಮೇಲೆ ಒಳ್ಳೆಯ ಹೊದಿಕೆ ಇತ್ತು. ಬೆಲೆಬಾಳುವ ಬಟ್ಟೆ, ಅಂಚಿಗೆ ನೀಲಿ ಪಟ್ಟಿ. ದೂರದಿಂದ ನೋಡಿದರೆ ರಾಜರ ಕುದುರೆ. ಚಳಿ ತಡೆಯಲ್ಲ ಇವಕ್ಕೆ, ವಯಸ್ಸಾಗ್ತಾ ಬಂತು, ಎಂದು ಮುದುಕ ಹೇಳುತ್ತಿದ್ದ. ಅವಳು ಆಗ ಕುದುರೆ ಬಿಡಿಸಿ ತರುವ ಈ ಕೆಲಸಕ್ಕೆ ಹೊಸಬಳು, ಮೂವತ್ತೈದರ ಹುರುಪು. ಬಕಲು ಬಿಚ್ಚಿ ಹೊದಿಕೆಯನ್ನು ಎರಡೂ ಕೈಯಲ್ಲಿ ಪರದೆಯ ಹಾಗೆ ಎತ್ತಿ ಹಿಡಿದಳು. ಜೊತೆಗೆ ಬಂದಿದ್ದ ಸರಕಾರಿ ಅಧಿಕಾರಿ ಫೋಟೋ ತೆಗೆದ. "ಹದಿನೇಳೂ ಪಕ್ಕೆಲುಬು ಎಣಿಸಬಹುದು ನೋಡಿ," ಎಂದಳು ಜೋರಾಗಿ; ಅರಬ್ಬಿಗೆ ಬೇರೆ ಕುದುರೆಗಳಿಗಿಂತ ಒಂದು ಜೊತೆ ಕಡಿಮೆ, ಹದಿನೇಳು ಎಂದು ಆಗತಾನೇ ಓದಿಕೊಂಡಿದ್ದಳು. ಆಗ ಮುದುಕ, ಯಾರದೋ ತಪ್ಪು ಲೆಕ್ಕ ತಿದ್ದುವ ಮೇಷ್ಟ್ರ ಹಾಗೆ ಮೆಲ್ಲಗೆ, "ಹದಿನೇಳು ಎಣಿಸೋಕಾಗಲ್ಲಮ್ಮ, ಮೊದಲ ಐದು ಭುಜದ ಕೆಳಗೆ ಹೋಗುತ್ತೆ. ಹನ್ನೆರಡು," ಎಂದ. ಅಧಿಕಾರಿ ನಕ್ಕ. ಅವಳ ಕಿವಿ ಬಿಸಿಯಾಯಿತು. ಆ ನಗೆಯ ಸಿಟ್ಟಿಗೇ ಇರಬೇಕು, ಮುಂದಿನ ಮಾತು ಬಂತು: "ಇಷ್ಟೆಲ್ಲ ಗೊತ್ತಿದ್ದವರಿಗೆ ಕಣ್ಣಿರಲಿಲ್ವಾ?" ಬಾಗಿಲಲ್ಲಿ ಶಾಲೆಯ ಚೀಲ ಹೊತ್ತ ಒಂದು ಹುಡುಗಿ ಬಂದು ನಿಂತಿತ್ತು, ಮೊಮ್ಮಗಳು. ಮುಚ್ಚಮ್ಮ, ಮಗು ನೋಡ್ತಾ ಇದೆ, ಎಂದ ಮುದುಕ. ಅವಳು ಮುಚ್ಚಲಿಲ್ಲ. ಒಳಗಿನ ಕೋಣೆಯಲ್ಲಿ ಅವನ ಹೆಂಡತಿ ಏಳು ತಿಂಗಳಿಂದ ಹಾಸಿಗೆ ಹಿಡಿದಿದ್ದಳೆಂದೂ, ಕುದುರೆಗಳನ್ನು ಒಬ್ಬ ಕೂಲಿಯವನ ಕೈಗೆ ಬಿಟ್ಟಿದ್ದನೆಂದೂ, ಮುದುಕ ದಿನಾ ಸಂಜೆ ಐದು ನಿಮಿಷ ಬಂದು ಒಂದೊಂದರ ಬೆನ್ನನ್ನೂ ಹೊದಿಕೆಯ ಮೇಲೇ ತಟ್ಟಿ ಹೋಗುತ್ತಿದ್ದನೆಂದೂ ಆಮೇಲೆ ತಿಳಿಯಿತು. ತಿಳಿದ ಮೇಲೂ ಅವಳ ಕಥೆ ಬದಲಾಗಲಿಲ್ಲ. ಶಾಲೆಗಳಲ್ಲಿ, ಸಂಘಗಳಲ್ಲಿ ಕರೆದಾಗೆಲ್ಲ ಆ ಹೊದಿಕೆಯ ಕಥೆ ಹೇಳಿದಳು. ಕಣ್ಣಿರಲಿಲ್ವಾ ಎಂಬಲ್ಲಿಗೆ ಬಂದಾಗ ಸಭೆ ನಿಟ್ಟುಸಿರು ಬಿಡುತ್ತಿತ್ತು. ಹನ್ನೆರಡರ ವಿಷಯ ಮಾತ್ರ ಯಾವತ್ತೂ ಹೇಳಲಿಲ್ಲ.

ಹನ್ನೊಂದು ಗಂಟೆಗೆ ಎದ್ದು, ಮೆಟ್ಟಿಲ ಕೆಳಗೆ ಪ್ಲಾಸ್ಟರ್ ಮೂಟೆಗಳ ನಡುವೆ ನಿಂತು, ಕುದುರೆಗಳ ಡಾಕ್ಟರಮ್ಮನಿಗೆ ಫೋನು ಮಾಡಿದಳು. ಬೂದಿಯ ಪಕ್ಕೆಲುಬು ಕೈಗೆ ಸಿಗುತ್ತಿದೆ ಎಂದಳು. ಡಾಕ್ಟರಮ್ಮ ಎಂದಿನಂತೆ ಸಾವಧಾನವಾಗಿ ಒಂದೊಂದೇ ಕೇಳಿದರು. ಉಂಡೆ ಮಾಡಿ ಉಗೀತಿದೆಯಾ? ಹೌದು. ಬಾಯಿ ವಾಸನೆ? ಇರಬಹುದು. ಎಷ್ಟು ದಿನದಿಂದ? ಅವಳು ನಾಲ್ಕು ದಿನ ಎಂದಳು. ನಾಲ್ಕು ದಿನಕ್ಕೆ ಪಕ್ಕೆಲುಬು ಕೈಗೆ ಸಿಗಲ್ಲವಲ್ಲ ಅಂದರು ಡಾಕ್ಟರಮ್ಮ, ಆಕ್ಷೇಪಣೆಯಾಗಿ ಅಲ್ಲ, ಔಷಧಿಯ ಲೆಕ್ಕ ಹಾಕುವವರ ಹಾಗೆ. ಅವಳು ಹೊದಿಕೆ ಇತ್ತು ಎಂದಳು. ಓ, ಎಂದರು ಅವರು. ಆ ಓ ಕಾರದಲ್ಲಿ ಏನೂ ಇರಲಿಲ್ಲ; ಅವಳೇ ಎಲ್ಲವನ್ನೂ ಅದರಲ್ಲಿ ತುಂಬಿದಳು. ನಾಳೆ ಬಂದು ಹಲ್ಲು ಉಜ್ಜಿ ಸಮ ಮಾಡುತ್ತೇನೆ, ಅಲ್ಲಿಯವರೆಗೆ ಮೇವು ನೆನೆಸಿ ಗಂಜಿಯಂತೆ ಕೊಡು, ಮೂರು ತಿಂಗಳಲ್ಲಿ ಮೈ ಬರುತ್ತೆ, ಹೆದರಬೇಡ, ಎಂದರು. ಅಂದರೆ ಬೂದಿ ಸಾಯುವುದಿಲ್ಲ. ಆ ನೆಮ್ಮದಿ ಒಂದು ಕ್ಷಣ ಬಂದು, ಹಿಂದೆಯೇ ಇನ್ನೊಂದು ಯೋಚನೆಯನ್ನು ಕೈಹಿಡಿದು ಕರೆತಂದಿತು: ಸಾಯುವುದಿಲ್ಲ ಎಂದ ಮೇಲೆ ಇವತ್ತು ಯಾರಿಗೂ ಗೊತ್ತಾಗಬೇಕಾಗಿಲ್ಲ. ನಾಳೆ ಡಾಕ್ಟರು. ನಾಳೆ ತಾಯಿ ಕುದುರೆ, ಮರಿ. ಒಂದು ಹೊದಿಕೆ ಇನ್ನೊಂದು ದಿನ ಇದ್ದರೆ ಯಾರಿಗೆ ನಷ್ಟ? ಎರಡು ಜೀವ ಉಳಿಯುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ಮೇಜಿಗೆ ಬಂದು ಆ ಬೋಳು ಬಾಯಿಗೆ ಹಲ್ಲು ಕೂರಿಸಲು ಶುರು ಮಾಡಿದಳು. ಊಟಕ್ಕೂ ಏಳದೆ ಮೂರು ಗಂಟೆಗೆ ಹದಿನಾಲ್ಕು ಕೂರಿಸಿದ್ದಳು. ಯಜಮಾನರು ಬಂದು ಭುಜದ ಮೇಲಿಂದ ಬಗ್ಗಿ, ಇವತ್ತೇನು ಈ ಅಜ್ಜನ ಮೇಲೆ ಇಷ್ಟು ಪ್ರೀತಿ, ಎಂದರು. ಅಜ್ಜ ಅಂತ ಹೇಗೆ ಗೊತ್ತು ಎಂದು ಅವಳು ಥಟ್ಟನೆ ಕೇಳಿದಳು. ಯಜಮಾನರು ಬೆಪ್ಪಾಗಿ, ಅಜ್ಜಿ ಇರಬಹುದಪ್ಪ, ಬಾಯಿಗೇನು ಮೀಸೆ ಇದೆಯಾ, ಎಂದು ಹೋದರು.

ತಪಾಸಣೆಯವನು ನಾಲ್ಕಕ್ಕೆ ಐದು ನಿಮಿಷವಿರುವಾಗಲೇ ಬಂದ. ಮೂವತ್ತು ದಾಟಿದವನು, ಎರಡು ಮಕ್ಕಳ ತಂದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ವಾರ ಇಲ್ಲೇ ಅವಳ ಹಿಂದೆ ಹಿಂದೆ ತಿರುಗಿ ಕುದುರೆ ಮುಟ್ಟುವುದನ್ನು ಕಲಿತವನು. ಕಣ್ಣಿಂದ ನೋಡಬೇಡ, ಕೈಯಿಂದ ನೋಡು, ಕೂದಲು ಸುಳ್ಳು ಹೇಳುತ್ತೆ, ಎಂದು ಅವಳು ಕಲಿಸಿದ್ದಳು. ಈಗಲೂ ಹಾಗೇ ನೋಡಿದ. ನಾಲ್ಕು ಹೊಸ ಕುದುರೆಗಳ ಖಾನೆಗೆ ಒಂದೊಂದಾಗಿ ಹೋಗಿ, ತೋಳು ಮಡಚಿ, ಪಕ್ಕೆ, ಬೆನ್ನು, ಬಾಲದ ಬುಡ ಎಲ್ಲ ಅಂಗೈಯಲ್ಲಿ ಸವರಿದ. ಗೋಡೆಯ ಹಾಳೆಯನ್ನು ನೋಡಿ, ಅಕ್ಕ ಇದನ್ನ ನಮ್ಮ ಆಫೀಸಿಗೆ ಚೌಕಟ್ಟು ಹಾಕಿಸಿ ತೂಗುಹಾಕಬೇಕು, ಎಂದ. ಅವಳು ಹೂಂ ಎಂದಳು. ಪ್ರತಿಯೊಂದು ಹೊಗಳಿಕೆಯೂ ಐದನೆಯ ಖಾನೆಯ ಕಡೆಗೆ ಒಂದೊಂದು ಹೆಜ್ಜೆ.

ಐದನೆಯದರಲ್ಲಿ ಬೂದಿ ಹೊದಿಕೆ ಹೊದ್ದು, ಆ ಅಗಲ ಹಣೆಯನ್ನು, ಬಟ್ಟಲಿನಂತೆ ಬಗ್ಗಿದ ಮೂಗನ್ನು ಬಾಗಿಲ ಮೇಲಿಟ್ಟು ನಿಂತಿತ್ತು. ತಪಾಸಣೆಯವನ ಮುಖ ಅರಳಿತು. ಏನಜ್ಜೀ, ಎಂದು ಜೇಬಿನಿಂದ ಒಂದು ಕ್ಯಾರೆಟ್ ತೆಗೆದು ಕೊಟ್ಟ. ಬೂದಿ ತೆಗೆದುಕೊಂಡು, ಬಾಯಲ್ಲಿ ಎರಡು ಸಲ ಹೊರಳಿಸಿ, ಕೆಳಗೆ ಬೀಳಿಸಿತು. ನೋಡಿ ನಖರಾ, ಎಂದು ಅವನು ನಕ್ಕು ಅದರ ಕೆನ್ನೆ ಸವರಿದ. ಬಿಸಿಲಿದೆಯಲ್ಲಕ್ಕ, ಹೊದಿಕೆ ಯಾಕೆ ಇನ್ನೂ ಎಂದು, ಉತ್ತರ ಬೇಕೆಂದಲ್ಲ, ಮಾತಿಗೆ ಕೇಳಿದ. ಅವಳು ಬಾಯಿ ತೆರೆದಳು.

"ಚಳಿ ತಡೆಯಲ್ಲ ಇದಕ್ಕೆ. ವಯಸ್ಸಾಗ್ತಾ ಬಂತು."

ಆ ಮಾತು, ಆ ಎಳೆತ, ವಯಸ್ಸಿನ ಮೇಲೆ ಬಿದ್ದ ಆ ಒತ್ತು ಕೂಡ ಅವಳದ್ದಾಗಿರಲಿಲ್ಲ. ಹನ್ನೊಂದು ವರ್ಷ ಎಲ್ಲಿ ಅಡಗಿ ಕೂತಿತ್ತೋ, ಕೇಳುವವನು ಬಂದ ಕೂಡಲೇ ಎದ್ದು ಬಂದು ಅವಳ ನಾಲಿಗೆಯ ಮೇಲೆ ನಿಂತಿತು. ತಪಾಸಣೆಯವನು ಅಲ್ವಾ ಮತ್ತೆ ಎಂದು ತಲೆ ಆಡಿಸಿ, ಕಾಗದದಲ್ಲಿ ಒಂದು ಗುರುತು ಹಾಕಿ, ಖಾಲಿ ಖಾನೆಗಳನ್ನು ನೋಡಲು ಮುಂದೆ ಹೋದ. ಬೂದಿಯ ಮೈಗೆ ಅವನು ಕೈ ಹಾಕಲಿಲ್ಲ. ಕಲಿಸಿದವಳ ಕುದುರೆಯನ್ನು ಮುಟ್ಟಿ ನೋಡುವುದು ಅವನಿಗೆ ಮರ್ಯಾದೆಗೆಟ್ಟ ಕೆಲಸ ಅನಿಸಿರಬೇಕು.

ಕಾರಿನ ಮೂತಿಯ ಮೇಲೆ ಕಾಗದ ಹರಡಿ, ಇಲ್ಲಿ ಒಂದು ಸಹಿ ಅಕ್ಕ, ಎಂದ. ನಾಳೆ ಬೆಳಿಗ್ಗೆ ಎಂಟಕ್ಕೇ ಗಾಡಿ ಬರುತ್ತೆ. ಆ ಮರಿ ನೋಡಬೇಕು ನೀವು, ಅಷ್ಟು ಉಪವಾಸ ಬಿದ್ದಿದ್ದರೂ ಬಾಲ ಎತ್ತಿಕೊಂಡೇ ಓಡಾಡುತ್ತೆ, ಎಂದ. ಅವಳು ಪೆನ್ನು ತೆಗೆದುಕೊಂಡಳು. ಕಾಗದದ ಮೇಲೆ ಅಚ್ಚಾದ ಸಾಲುಗಳು. ಮೂರನೆಯದು: ಪ್ರತಿಯೊಂದು ಪ್ರಾಣಿಯನ್ನೂ ಹೊದಿಕೆ ತೆಗೆಸಿ, ಕೈಯಿಂದ ಮುಟ್ಟಿ ನೋಡಲಾಗಿದೆ. ಅದರ ಪಕ್ಕದ ಐದು ಚೌಕಗಳಲ್ಲಿ ಐದು ಗುರುತು. ಮುದುಕನ ಪ್ರಕರಣವಾದ ಮೇಲೆ ಆಫೀಸಿಗೆ ನಾಲ್ಕು ಸಲ ಅಲೆದು, ಜಗಳವಾಡಿ, ಆ ಸಾಲನ್ನು ಸೇರಿಸಿದವಳು ಅವಳೇ. ಮುಟ್ಟಿ ಎಂಬ ಶಬ್ದಕ್ಕೆ ಒಂದು ಇಡೀ ಮಧ್ಯಾಹ್ನ ವಾದಿಸಿದ್ದಳು. ಐದನೆಯ ಗುರುತು ಉಳಿದ ನಾಲ್ಕರ ಹಾಗೇ ಇತ್ತು, ಒಂದೇ ಶಾಯಿ, ಒಂದೇ ಓಟ. ಸಹಿ ಹಾಕು ಎಂದಳು ತನಗೆ ತಾನೇ. ಮರಿಗೆ ಎಂಟು ತಿಂಗಳು. ಪೆನ್ನಿನ ತುದಿ ಕಾಗದಕ್ಕೆ ತಾಗಿ ಒಂದು ಚುಕ್ಕೆ ಮೂಡಿತು. ಆ ಚುಕ್ಕೆಯನ್ನೇ ನೋಡುತ್ತ, "ಒಂದು ನಿಮಿಷ ಬಾ," ಎಂದಳು.

ಅವನು ಏನೋ ಮರೆತಿದೆಯೆಂದುಕೊಂಡು ಹಿಂದೆ ಬಂದ. ಅವಳು ಖಾನೆಯೊಳಗೆ ಹೋಗಿ ಎದೆಯ ಬಕಲು ಬಿಚ್ಚಿದಳು, ಹೊಟ್ಟೆಯದು, ಬೆಳಿಗ್ಗೆಯಷ್ಟೇ ಮೂರನೆಯ ತೂತಿಗೆ ಹಾಕಿದ್ದು, ಆಮೇಲೆ ಹಿಂಗಾಲಿನದು. ಹೊದಿಕೆಯನ್ನು ಹಿಂದಕ್ಕೆ ಮಡಚುತ್ತ ಎಳೆದಳು. ಬೆಳಕು ಬಾಗಿಲಿನಿಂದ ಅಡ್ಡವಾಗಿ ಬೀಳುತ್ತಿತ್ತು, ಒಂದೊಂದು ಏಣಿನ ಪಕ್ಕದಲ್ಲೂ ಒಂದೊಂದು ನೆರಳು. ಸೊಂಟದ ಮೂಳೆ ಗೂಟದ ಹಾಗೆ ನಿಂತಿತ್ತು. ಕೈಯಿಂದ ನೋಡುವ ಅಗತ್ಯವೇ ಇರಲಿಲ್ಲ. ಆದರೂ ತಪಾಸಣೆಯವನು ಕಲಿತಂತೆ ಅಂಗೈ ಇಟ್ಟ, ಭುಜದ ಹಿಂದಿನಿಂದ ನಿಧಾನವಾಗಿ ಸರಿಸಿಕೊಂಡು ಹೋದ, ತುಟಿ ಅಲ್ಲಾಡಿತು. ಅವಳೂ ಅವನ ಜೊತೆ ಮನಸ್ಸಿನಲ್ಲಿ ಎಣಿಸಿದಳು. ಹನ್ನೆರಡು. ಮುದುಕ ಹೇಳಿದ್ದು ಸರಿಯಾಗಿತ್ತು.

ಅವನು ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡ. ಅವಳ ಕಡೆ ನೋಡಲಿಲ್ಲ. ಗೇಟಿನ ಕಡೆ, ಕಾರಿನ ಕಡೆ, ತನ್ನ ಬೂಟಿನ ಕಡೆ ನೋಡಿದ. ಕಣ್ಣಿರಲಿಲ್ವಾ ಎಂಬ ಮಾತಿಗೆ ಅವಳು ಕಾದಿದ್ದಳು. ಬೆಳಿಗ್ಗೆಯಿಂದ ಕಾದದ್ದು ಅದಕ್ಕೇ ಎಂದು ಈಗ ತಿಳಿಯಿತು.

"ಹೊದಿಕೆ ಹಾಕಿಬಿಡಿ ಅಕ್ಕ," ಎಂದ ಅವನು. "ನಾನು ಗುರುತು ಹಾಕಾಯ್ತು. ಹಲ್ಲು ತಾನೇ? ನಿಮ್ಮ ಕೈಯಲ್ಲಿ ಸರಿಹೋಗುತ್ತೆ, ನಂಗೊತ್ತಿಲ್ವಾ. ನಾನು ನೋಡಿಲ್ಲ. ಆ ಎರಡನ್ನ ನಾಳೆ ಎಲ್ಲಿ ಹಾಕ್ಲಿ ಹೇಳಿ."

ಅವಳ ಮೈಯೆಲ್ಲ ಒಮ್ಮೆ ಸಡಿಲವಾಯಿತು, ಬಿಸಿನೀರಿಗೆ ಇಳಿದ ಹಾಗೆ. ಎಷ್ಟು ಸುಲಭ. ಹೊದಿಕೆ ಇನ್ನೂ ಅವಳ ಎರಡೂ ಕೈಯಲ್ಲಿತ್ತು, ಒಳಮೈ ಮೇಲಾಗಿ, ಬೂದಿಯ ಬಿಸಿ ಇನ್ನೂ ಆರದೆ. ಮುಚ್ಚಮ್ಮ ಎಂದು ಕೇಳಿಕೊಂಡವನಿಗೆ ಸಿಗದದ್ದು ಇವಳಿಗೆ ಕೇಳದೆ ಸಿಗುತ್ತಿತ್ತು. ಅವನಿಗೂ ಇವಳಿಗೂ ಇದ್ದ ವ್ಯತ್ಯಾಸ ಏನು? ಅವನ ಮನೆಗೆ ಇವಳು ಹೋಗಿದ್ದಳು. ಇವಳ ಮನೆಗೆ ಇವಳೇ ಕಲಿಸಿದವನು ಬಂದಿದ್ದಾನೆ. ಅಷ್ಟೇ. ಹೊದಿಸಬೇಕೆಂದೇ ಕೈ ಒಂದಿಷ್ಟು ಎತ್ತಿದಳು ಕೂಡ. ಅಷ್ಟರಲ್ಲಿ ಅಂಗಳದಲ್ಲಿ ಹೆಜ್ಜೆ ಸದ್ದಾಯಿತು. ಮಗಳು ಶಾಲೆಯಿಂದ ಬಂದವಳು, ಚೀಲ ಇಳಿಸದೆ ಸೀದಾ ಲಾಯಕ್ಕೆ ಬಂದು ಬಾಗಿಲಲ್ಲಿ ನಿಂತಳು. ಬೂದಿಯನ್ನು ನೋಡಿದಳು. ನಾನು ಹೇಳಿರಲಿಲ್ವಾ ಎಂದು ಅವಳು ಅನ್ನಲಿಲ್ಲ. ತಾಯಿಯ ಮುಖವನ್ನೂ ನೋಡಲಿಲ್ಲ. ಒಳಗೆ ಬಂದು, ನೆಲದ ಮೇಲೆ ಬಿದ್ದಿದ್ದ ಕ್ಯಾರೆಟನ್ನು ಎತ್ತಿಕೊಂಡು, ಅದರ ಮೇಲಿನ ಹಲ್ಲಿನ ಗುರುತನ್ನು ಹೆಬ್ಬೆರಳಿನಲ್ಲಿ ಸವರುತ್ತ ನಿಂತಳು.

"ಬರಿ," ಎಂದಳು ತಾಯಿ, ತಪಾಸಣೆಯವನಿಗೆ.

"ಯೋಚನೆ ಮಾಡಿ ಅಕ್ಕ. ಬರೆದರೆ ಬರೆದ ಹಾಗೆ. ಆ ಮರಿ ಏನು ತಪ್ಪು ಮಾಡಿದೆ?"

ಏನೂ ಮಾಡಿಲ್ಲ. ಅದು ಅವಳಿಗೂ ಗೊತ್ತಿತ್ತು. ಬರಿ ಎಂದ ತನ್ನ ದನಿಯಲ್ಲಿ, ಹನ್ನೊಂದು ವರ್ಷದ ಹಿಂದೆ ಹೊದಿಕೆ ಎತ್ತಿ ಹಿಡಿದ ಹೆಂಗಸಿನ ದನಿಯೇ ಇದೆಯಲ್ಲ ಎಂಬುದೂ ಕೇಳಿಸಿತು. ಆಗ ಬೇರೆಯವನ ಮೈಲಿಗೆ ತೋರಿಸಿ ತಾನು ಚೊಕ್ಕವಾಗಿದ್ದಳು. ಈಗ ತನ್ನದನ್ನೇ ತೋರಿಸಿ ಚೊಕ್ಕವಾಗುವ ಆಸೆಯೋ ಏನೋ. ಅದರ ಬೆಲೆಯನ್ನು ದೊಡ್ಡಿಯಲ್ಲಿ ನಿಂತ ಎರಡು ಕುದುರೆಗಳು ಕೊಡಬೇಕು. ಮುಚ್ಚಿದರೂ ತಪ್ಪು, ತೆರೆದರೂ ತಪ್ಪು. ಆದರೆ ಮುಚ್ಚುವುದಕ್ಕೆ ಕೈ ಏಳಲಿಲ್ಲ, ಅಷ್ಟೇ, ಮಗಳು ಅಲ್ಲಿದ್ದಳು. ಮಗಳು ಇಲ್ಲದಿದ್ದರೆ ಏಳುತ್ತಿತ್ತೇ ಎಂಬುದನ್ನು ಅವಳು ಅಲ್ಲಿಗೇ ಬಿಟ್ಟಳು.

"ಬರಿಯಪ್ಪ," ಎಂದಳು ಇನ್ನೊಮ್ಮೆ.

ಅವನು ಬಾಗಿಲ ಚೌಕಟ್ಟಿಗೆ ಕಾಗದ ಒತ್ತಿ ಹಿಡಿದು ಐದನೆಯ ಗುರುತಿನ ಮೇಲೆ ಗೀಟು ಹಾಕಿದ. ಗೀಟಿನ ಪಕ್ಕ ಸಹಿ ಮಾಡಿದ. ಕೆಳಗೆ ಚಿಕ್ಕ ಅಕ್ಷರದಲ್ಲಿ ಬರೆಯುತ್ತ ಹೋದ. ಬರೆಯುವಾಗ ಅವನ ಕಿವಿ ಕೆಂಪಾಗಿತ್ತು. ಬೂದಿ ಹೊದಿಕೆಯಿಲ್ಲದ ಮೈಯನ್ನು ಒಮ್ಮೆ ಜಾಡಿಸಿತು. ಬಿಳಿ ಕೂದಲು ಬೆಳಕಿನಲ್ಲಿ ಎದ್ದು ಇಳಿದವು. ಪೆನ್ನು ಒಂದು ಕಡೆ ನಿಂತಿತು.

"ಕೊನೇ ಸಲ ಹೊದಿಕೆ ತೆಗೆದು ನೋಡಿದ್ದು ಯಾವತ್ತು ಅಂತ ಹಾಕ್ಲಿ? ತಾರೀಖು ಬೇಕು ಅಕ್ಕ."

ಅವಳು ಯೋಚಿಸಿದಳು. ಚಳಿ ಶುರುವಾದ ದಿನ ಹೊದಿಸಿದ್ದು ನೆನಪಿತ್ತು. ಅದಾದ ಮೇಲೆ ಬೆಳಿಗ್ಗೆಗಳಿದ್ದವು, ಪೊರಕೆ ಇತ್ತು, ಎರಡು ತೂತುಗಳಿದ್ದವು. ಮಗಳು ಈಗ ತಲೆ ಎತ್ತಿ ನೋಡುತ್ತಿದ್ದಳು.

"ಗೊತ್ತಿಲ್ಲ ಅಂತ ಬರಿ," ಎಂದಳು.

ಅವನು ಹಾಗೇ ಬರೆದ. ಅವಳು ಸಹಿ ಹಾಕಿದಳು. ಮೂರನೆಯ ದಿನ ತಾಯಿ ಕುದುರೆಯೂ ಮರಿಯೂ ಹರಾಜಾದವು. ಕೊಂಡವರು ಯಾರೆಂದು ತಪಾಸಣೆಯವನು ಹೇಳಲಿಲ್ಲ, ಅವಳು ಕೇಳಲಿಲ್ಲ. ದಿನಕ್ಕೊಂದು ಸಲ ಹೊದಿಕೆ ತೆಗೆದು ನೋಡುತ್ತೇನೆ ಎಂದಿದ್ದಳು. ನೋಡಿರಲಿಲ್ಲ.